ಹೈದರಾಬಾದಿನ ಆಕಾಶ ಮತ್ತು ಅಲ್ಪಾಯುಷಿ ನಕ್ಷತ್ರಗಳು

2025ರ ಜನವರಿಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಮನೆಯ ಮೇಲೆ ದೊಡ್ಡ ಬಲೂನೊಂದು ಬಂದು ಬಿತ್ತು. ಜೊತೆಗೆ ಯಂತ್ರವೂ ಇತ್ತು. ಊರವರಿಗೆ ಗಾಬರಿ. ಹತ್ತಿರ ಹೋಗಿ ನೋಡಿದರೆ ಕನ್ನಡದಲ್ಲಿ ಬರೆದ ಕಾಗದ ಸಿಕ್ಕಿತು. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಹಾರಿಬಿಟ್ಟ ಬಲೂನು ಅದು. ಜಲಸಂಗಿ ಎಂದರೆ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪವಿರುವ ಊರು. ಅಕ್ಷರ ಬರೆಯುವ ಹೆಣ್ಣಿನ ಊರಿಗೆ ಆಕಾಶದಿಂದಲೇ ಕನ್ನಡದ ಕಾಗದ ಬಂತಲ್ಲ ಎಂದು ನಾವು ಹೈದರಾಬಾದಿನಲ್ಲಿರುವ ಬೀದರ ಕಡೆಯವರು ಎರಡು ದಿನ ಮಾತಾಡಿಕೊಂಡೆವು.

ಬಲೂನು ಎಲ್ಲಿ ಬಿತ್ತು ಎಂಬುದು ಪತ್ರಿಕೆಗಳಲ್ಲಿ ಬಂತು. ಅದು ಏರಿದ ಜಾಗದ ಚರಿತ್ರೆ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಹೈದರಾಬಾದಿನ ಇಸಿಐಎಲ್ ಕಡೆ, ಕಾರ್ಖಾನೆಗಳ ಮತ್ತು ಕಾಲೋನಿಗಳ ನಡುವೆ, ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇಂಥ ಬಲೂನುಗಳನ್ನು ಹಾರಿಸುವ ಅಂಗಳವಿದೆ. ಅಲ್ಲಿಂದ ಏರಿದ ಯಂತ್ರಗಳಲ್ಲಿ ಅನೇಕವು ಹುಡುಕಿದ್ದು ಆಕಾಶದಿಂದ ಬರುವ ಕ್ಷ-ಕಿರಣಗಳನ್ನು, ಆಸ್ಪತ್ರೆಯಲ್ಲಿ ನಾವು ಎಕ್ಸ್‌ರೇ ಎನ್ನುತ್ತೇವಲ್ಲ, ಅದೇ ಕಿರಣವನ್ನು. ಆಕಾಶದ ಕ್ಷ-ಕಿರಣ ಮೂಲಗಳಲ್ಲಿ ಕೆಲವು ಸದಾ ಬೆಳಗುತ್ತವೆ. ಇನ್ನು ಕೆಲವು ಎಲ್ಲಿಂದಲೋ ಎದ್ದು, ಕೆಲವು ವಾರ ಉರಿದು, ಆರಿಹೋಗುತ್ತವೆ. ಈ ಎರಡನೆಯವನ್ನು ಯಾರು ಕಂಡರು, ಕಂಡ ಮೇಲೆ ಯಾರು ದೂರದರ್ಶಕ ತಿರುಗಿಸಿದರು, ಯಾರು ತಡಮಾಡಿದರು ಎಂಬುದೇ ಒಂದು ದೊಡ್ಡ ಕಥೆ. ಆ ಕಥೆಯಲ್ಲಿ ಹೈದರಾಬಾದಿಗೂ ಕನ್ನಡಿಗರಿಗೂ ಪಾಲಿದೆ.

ಮೊದಲು ಬಲೂನು ಯಾಕೆ ಬೇಕು ಎಂಬುದನ್ನು ಹೇಳಬೇಕು. ನಮ್ಮ ತಲೆಯ ಮೇಲಿನ ಗಾಳಿ ಕ್ಷ-ಕಿರಣಗಳನ್ನು ನುಂಗಿಬಿಡುತ್ತದೆ. ಎಷ್ಟೇ ಎತ್ತರದ ಬೆಟ್ಟ ಹತ್ತಿದರೂ ಪ್ರಯೋಜನವಿಲ್ಲ. ರಾಕೆಟ್ಟು ಗಾಳಿಯನ್ನು ದಾಟುತ್ತದೆ, ಆದರೆ ಅದಕ್ಕೆ ಸಿಗುವುದು ಕೆಲವೇ ನಿಮಿಷ. ತೆಳು ಪಾಲಿಥೀನಿನ ಬಲೂನಿಗೆ ಜಲಜನಕ ತುಂಬಿ ಬಿಟ್ಟರೆ ಅದು 35–40 ಕಿಲೋಮೀಟರ್ ಎತ್ತರಕ್ಕೆ ಏರಿ ಕೆಲವು ಗಂಟೆ ತೇಲುತ್ತದೆ. ಅಲ್ಲಿ ಉಳಿದಿರುವ ಗಾಳಿ ಬಹಳ ಕಡಿಮೆ. ಕ್ಷ-ಕಿರಣಗಳಲ್ಲಿ ಹೆಚ್ಚು ಶಕ್ತಿಯವು, ವಿಜ್ಞಾನಿಗಳು 'ಗಟ್ಟಿ' ಎನ್ನುವಂಥವು, ಅಲ್ಲಿಯವರೆಗೆ ಇಳಿದು ಬರುತ್ತವೆ.

ಹೈದರಾಬಾದಿಗೆ ಇನ್ನೊಂದು ಅನುಕೂಲವಿತ್ತು. ಈ ಊರು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಹೊರಗಿನಿಂದ ನುಗ್ಗುವ ವಿದ್ಯುದಾವಿಷ್ಟ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಇಲ್ಲಿ ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ಉಪಕರಣಕ್ಕೆ ಗದ್ದಲ ಕಡಿಮೆ. ಸಂತೆಯಲ್ಲಿ ಕೇಳದ ಪಿಸುಮಾತು ತೋಟದ ಮನೆಯಲ್ಲಿ ಕೇಳಿದ ಹಾಗೆ. ಕಷ್ಟವೂ ಇತ್ತು. ಉಷ್ಣವಲಯದ ಆಕಾಶದಲ್ಲಿ ಸುಮಾರು 17 ಕಿಲೋಮೀಟರ್ ಎತ್ತರದಲ್ಲಿ ಚಳಿ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಇಳಿಯುತ್ತದೆ. ಆ ಪದರ ದಾಟುವಾಗ ಪಾಲಿಥೀನು ಬಿರುಸಾಗಿ ಒಡೆದುಹೋಗುವ ಭಯ. ತಿಂಗಳುಗಟ್ಟಲೆ ಕೂಡಿಸಿದ ಉಪಕರಣ ಒಂದೇ ಬಿರುಕಿಗೆ ಕೆಳಗೆ ಬರಬಹುದು.

ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಿಂದಲೂ ಬಲೂನು ಹಾರಿಸುತ್ತಿದ್ದ ಟಿಐಎಫ್‌ಆರ್ 1969ರ ಹೊತ್ತಿಗೆ ಇಲ್ಲಿ ಕಾಯಂ ನೆಲೆ ಮಾಡಿಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆ, 1968ರ ಏಪ್ರಿಲ್ 28ರಂದು, ನಕ್ಷತ್ರಗಳ ಕ್ಷ-ಕಿರಣ ಅಳೆಯುವ ಭಾರತದ ಮೊದಲ ಬಲೂನು ಹೈದರಾಬಾದಿನಿಂದ ಏರಿತು. ಗುರಿ ವೃಶ್ಚಿಕ ರಾಶಿಯ 'ಸ್ಕೋ ಎಕ್ಸ್-1'. ಆ ತಂಡದಲ್ಲಿ ಪಿ. ಸಿ. ಅಗ್ರವಾಲ್, ಆರ್. ಕೆ. ಮನ್‌ಚಂದಾ ಮೊದಲಾದವರಿದ್ದರು. ತಂಡದ ಹಿರಿಯರಲ್ಲಿ ಒಬ್ಬರು ಬಿ. ವಿ. ಶ್ರೀಕಂಠನ್.

ಶ್ರೀಕಂಠನ್ ನಂಜನಗೂಡಿನವರು, 1925ರಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ 1948ರಲ್ಲಿ ಟಿಐಎಫ್‌ಆರ್ ಸೇರಿದರು. ಹೋಮಿ ಭಾಭಾ ಅವರ ಈ ಸಂಸ್ಥೆಯಲ್ಲಿ ಅವರು ಮೊದಲು ಇಳಿದದ್ದು ಕೋಲಾರದ ಚಿನ್ನದ ಗಣಿಯ ಆಳಕ್ಕೆ, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ನೆಲದೊಳಗೆ ಎಷ್ಟು ದೂರ ಇಳಿಯುತ್ತವೆ ಎಂದು ಅಳೆಯಲು. ಗಣಿಯ ತಳದಲ್ಲಿ ಶುರುಮಾಡಿದವರು ಆಮೇಲೆ ಬಲೂನು ಹಿಡಿದು ಮೇಲಕ್ಕೆ ನೋಡಿದರು. 1975ರಿಂದ 1987ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದು, ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, 2019ರಲ್ಲಿ ತೀರಿಕೊಂಡರು.

ಅವರ ಬದುಕಿನ ಒಂದು ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 1962ರ ಜೂನ್‌ನಲ್ಲಿ ಅಮೆರಿಕದ ವೈಟ್ ಸ್ಯಾಂಡ್ಸ್‌ನಿಂದ ಹಾರಿದ ರಾಕೆಟ್ಟಿನಲ್ಲಿ ರಿಕಾರ್ಡೋ ಜಕ್ಕೋನಿ, ಬ್ರೂನೋ ರೋಸ್ಸಿ ಮತ್ತು ಸಂಗಡಿಗರು ಸೂರ್ಯನಿಗಿಂತ ಆಚೆಯ ಮೊದಲ ಕ್ಷ-ಕಿರಣ ಮೂಲವನ್ನು ಕಂಡರು. ಅದೇ ಸ್ಕೋ ಎಕ್ಸ್-1. ಆದರೆ ಕಂಡದ್ದು ಸುಮಾರು ದಿಕ್ಕು ಮಾತ್ರ. ಆ ದಿಕ್ಕಿನ ಸಾವಿರಾರು ನಕ್ಷತ್ರಗಳಲ್ಲಿ ಯಾವುದು ಎಂದು ಹೇಳುವುದು ಹೇಗೆ? ಜಪಾನಿನ ಮಿನೋರು ಓಡಾ ಕಂಡುಹಿಡಿದ ತಂತಿಜಾಲದ ಉಪಾಯವನ್ನು ಬಳಸಿ 1966ರ ಮಾರ್ಚ್‌ನಲ್ಲಿ ಹಾರಿಸಿದ ಇನ್ನೊಂದು ರಾಕೆಟ್ಟು ಆ ಜಾಗವನ್ನು ಬಹಳ ಕಿರಿದು ಮಾಡಿಕೊಟ್ಟಿತು. ಅದನ್ನು ಹಿಡಿದು ಜೂನ್‌ನಲ್ಲಿ ಟೋಕಿಯೋದ ಖಗೋಳಜ್ಞರು, ಬೆನ್ನಿಗೇ ಪಾಲೋಮಾರ್‌ನಲ್ಲಿ ಅಲನ್ ಸ್ಯಾಂಡೇಜ್, ದೂರದರ್ಶಕ ತಿರುಗಿಸಿದರು. ಮಂಕಾದ ನೀಲಿ ನಕ್ಷತ್ರವೊಂದು ಸಿಕ್ಕಿತು. ಜಾಗ ಹೇಳಿದ ಲೇಖನದಲ್ಲಿಯೂ ನಕ್ಷತ್ರ ಗುರುತಿಸಿದ ಲೇಖನದಲ್ಲಿಯೂ ಲೇಖಕರ ಸಾಲಿನಲ್ಲಿ ಶ್ರೀಕಂಠನ್ ಅವರ ಹೆಸರಿದೆ. ಆಗ ಅವರು ಅಮೆರಿಕದ ಎಂಐಟಿಯ ತಂಡದ ಜೊತೆ ಕೆಲಸ ಮಾಡುತ್ತಿದ್ದರು. ಸೌರವ್ಯೂಹದ ಆಚೆ ಕಂಡ ಮೊಟ್ಟಮೊದಲ ಕ್ಷ-ಕಿರಣ ಮೂಲಕ್ಕೆ ನಕ್ಷತ್ರದ ಗುರುತು ಕೊಟ್ಟವರಲ್ಲಿ ನಂಜನಗೂಡಿನವರೊಬ್ಬರು ಇದ್ದರು ಎಂದಾಯಿತು.

ಸ್ಕೋ ಎಕ್ಸ್-1 ಪುಣ್ಯಕ್ಕೆ ಕಾದಿತ್ತು. ಕಂಡದ್ದು 1962, ಗುರುತು ಸಿಕ್ಕಿದ್ದು 1966. ನಾಲ್ಕು ವರ್ಷ ಅದು ಬೆಳಗುತ್ತಲೇ ಇತ್ತು. ಎಲ್ಲವೂ ಹಾಗೆ ಕಾಯುವುದಿಲ್ಲ ಎಂದು ಮರುವರ್ಷವೇ ಗೊತ್ತಾಯಿತು.

1967ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ವೂಮೆರಾದಿಂದ ಹಾರಿದ ರಾಕೆಟ್ಟಿಗೆ ದಕ್ಷಿಣ ಆಕಾಶದ ಸೆಂಟಾರಸ್ ಕಡೆಯಲ್ಲಿ, ಹಿಂದೆ ಯಾರೂ ಕಾಣದ ಕ್ಷ-ಕಿರಣ ಮೂಲವೊಂದು ಕಂಡಿತು. 'ಸೆನ್ ಎಕ್ಸ್-2' ಎಂದು ಹೆಸರಿಟ್ಟರು. ಆಗ ಗೊತ್ತಿದ್ದ ಅತಿ ಪ್ರಖರ ಮೂಲವಾದ ಸ್ಕೋ ಎಕ್ಸ್-1ರ ಸರಿಸಮಕ್ಕೆ ಉರಿದ ಅದು ವಾರಗಳಲ್ಲೇ ಕುಸಿಯಿತು. ಕಂಡುಹಿಡಿದ ತಂಡದ ಕೆನ್ ಮೆಕ್‌ಕ್ರಾಕೆನ್ ನಮ್ಮ ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್ ಅವರ ಹಳೆಯ ಸಹೋದ್ಯೋಗಿ. ಇಬ್ಬರೂ ಅಮೆರಿಕದಲ್ಲಿದ್ದಾಗ ವಿಶ್ವಕಿರಣಗಳ ಮೇಲೆ ಕೂಡಿ ಕೆಲಸ ಮಾಡಿದ್ದರು. ಭಾರತಕ್ಕೆ ಮರಳಿ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದಲ್ಲಿದ್ದ ರಾವ್, ಕೇರಳದ ತುಂಬಾದಿಂದ ರಾಕೆಟ್ಟು ಹಾರಿಸಿ ಸ್ಕೋ ಎಕ್ಸ್-1 ಮತ್ತು ಸೆನ್ ಎಕ್ಸ್-2ರ ಕಡೆ ಉಪಕರಣ ತಿರುಗಿಸಿದರು. ಆಸ್ಟ್ರೇಲಿಯದಿಂದ ಬಲೂನೂ ಏರಿತು. ಆದರೆ ಅದು ಜೋರಾಗಿ ಉರಿಯುತ್ತಿದ್ದಾಗ ಅದರ ಜಾಗವನ್ನು ಕಿರಿದು ಮಾಡಿ ದೂರದರ್ಶಕಕ್ಕೆ ಒಪ್ಪಿಸಲು ಯಾರಿಂದಲೂ ಆಗಲಿಲ್ಲ. ಸೆನ್ ಎಕ್ಸ್-2 ಯಾವ ನಕ್ಷತ್ರ ಎಂಬುದು ಇಂದಿಗೂ ಖಚಿತವಾಗಿ ಇತ್ಯರ್ಥವಾಗಿಲ್ಲ. ಊರಿಗೆ ಬಂದು ಹೋದವನ ಹೆಸರು, ವಿಳಾಸ ಯಾರೂ ಕೇಳಿಟ್ಟುಕೊಳ್ಳದಿದ್ದರೆ ಆಮೇಲೆ ಎಲ್ಲಿ ಹುಡುಕುವುದು? ಹಾಗಾಯಿತು ಇದು.

ಹೈದರಾಬಾದಿನವರ ಕಷ್ಟ ಇದಕ್ಕಿಂತ ಬೇರೆಯಲ್ಲ. ಒಂದು ಹಾರಾಟಕ್ಕೆ ಸಿಗುವುದು ಕೆಲವು ಗಂಟೆ. ನೆಲದ ಗಾಳಿ ಅಲುಗದ ಹೊತ್ತು ನೋಡಿ ಬಲೂನು ಬಿಡಬೇಕು. ಗುರಿಯ ನಕ್ಷತ್ರ ನೆತ್ತಿಯ ಹತ್ತಿರ ಬರುವ ಗಳಿಗೆಗೂ ಬಲೂನು ತೇಲುವ ಗಳಿಗೆಗೂ ತಾಳೆಯಾಗಬೇಕು. ಅಷ್ಟರಲ್ಲಿ ಏನಾದರೂ ವಿಚಿತ್ರ ಕಂಡರೆ 'ನಾಳೆ ಮತ್ತೆ ನೋಡೋಣ' ಎನ್ನುವ ಹಾಗಿಲ್ಲ. ಪ್ಯಾರಾಚೂಟಿನಲ್ಲಿ ಯಾವುದೋ ಹೊಲಕ್ಕೆ ಇಳಿದ ಪೆಟ್ಟಿಗೆಯನ್ನು ಹುಡುಕಿ ತಂದು, ರಿಪೇರಿ ಮಾಡಿ, ಹೊಸ ಬಲೂನು ಸಿದ್ಧಪಡಿಸಿದ ಮೇಲೇ ಮುಂದಿನ ಸರದಿ.

ಇಷ್ಟಾದರೂ ಒಮ್ಮೆ ಗಳಿಗೆ ಕೂಡಿಬಂತು. ರಾಜಹಂಸ ನಕ್ಷತ್ರಪುಂಜದ 'ಸಿಗ್ನಸ್ ಎಕ್ಸ್-1' ಎಂಬ ಮೂಲ 1971ರ ಮಾರ್ಚ್–ಏಪ್ರಿಲ್ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಸ್ವಭಾವ ಬದಲಿಸಿತು. ಹಿಂದಿನ ವರ್ಷದ ಕೊನೆಗೆ ಹಾರಿದ್ದ 'ಉಹುರು' ಉಪಗ್ರಹ ನೋಡುತ್ತಿದ್ದಂತೆ ಅದರ ಕಡಿಮೆ ಶಕ್ತಿಯ ಕ್ಷ-ಕಿರಣಗಳು ಇಳಿದವು, ಗಟ್ಟಿ ಕಿರಣಗಳು ಏರಿದವು. ಅದೇ ದಿನಗಳಲ್ಲಿ ಆ ಕಡೆಯಿಂದ ರೇಡಿಯೋ ಅಲೆಗಳು ಹೊಸದಾಗಿ ಬರತೊಡಗಿದವು. ರೇಡಿಯೋ ದೂರದರ್ಶಕಗಳು ನಿಖರವಾದ ಜಾಗ ಹೇಳಬಲ್ಲವು. ಆ ಜಾಗದಲ್ಲಿ ಇದ್ದದ್ದು ದೊಡ್ಡದೊಂದು ನೀಲಿ ನಕ್ಷತ್ರ. ಇಂಗ್ಲೆಂಡಿನ ವೆಬ್‌ಸ್ಟರ್ ಮತ್ತು ಮರ್ಡಿನ್, ಕೆನಡಾದ ಬೋಲ್ಟನ್ ಅದರತ್ತ ದೂರದರ್ಶಕ ಹಿಡಿದರು. ಕಣ್ಣಿಗೆ ಕಾಣದ ಭಾರಿ ಸಂಗಾತಿಯ ಸುತ್ತ ಅದು 5.6 ದಿನಕ್ಕೊಮ್ಮೆ ಸುತ್ತುತ್ತಿತ್ತು. ಕಪ್ಪುಕುಳಿ ಎಂದು ಗಟ್ಟಿಯಾಗಿ ಹೇಳಬಹುದಾದ ಮೊದಲ ಕಾಯ ಅದು. ಆ ಏಪ್ರಿಲ್‌ನಲ್ಲೇ ಶ್ರೀಕಂಠನ್, ಅಗ್ರವಾಲ್ ತಂಡದ ಬಲೂನು ಹೈದರಾಬಾದಿನ ಮೇಲೆ ತೇಲುತ್ತಿತ್ತು. ಸಿಗ್ನಸ್ ಎಕ್ಸ್-1ರ ಗಟ್ಟಿ ಕ್ಷ-ಕಿರಣಗಳು ಆ ಒಂದೇ ಹಾರಾಟದ ಅವಧಿಯೊಳಗೆ ಏರಿಳಿಯುವುದನ್ನು ಅವರು ದಾಖಲಿಸಿದರು.

ಆಮೇಲೆ 1975 ಬಂತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಉಪಗ್ರಹ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಏರಿತು. ಅದರಲ್ಲಿ ಕ್ಷ-ಕಿರಣ ಉಪಕರಣವೂ ಇತ್ತು. ಸಿಗ್ನಸ್ ಎಕ್ಸ್-1 ಸೇರಿ ಕೆಲವು ಮೂಲಗಳನ್ನು ಅದು ಅಳೆಯಿತು. ಆದರೆ ನಾಲ್ಕೈದು ದಿನದಲ್ಲೇ ವಿದ್ಯುತ್ ಪೂರೈಕೆಯಲ್ಲಿ ತೊಂದರೆ ಬಂದು ವಿಜ್ಞಾನದ ಉಪಕರಣಗಳನ್ನು ನಿಲ್ಲಿಸಬೇಕಾಯಿತು. ಅದಾಗಿ ಮೂರೂವರೆ ತಿಂಗಳಿಗೆ, ಆಗಸ್ಟ್ 3ರಂದು, ಬ್ರಿಟನ್ನಿನ ಏರಿಯಲ್-5 ಉಪಗ್ರಹಕ್ಕೆ ಮಹಾವ್ಯಾಧದ ಪಕ್ಕದ ಏಕಶೃಂಗಿ ಪುಂಜದಲ್ಲಿ ಹೊಸ ಮೂಲವೊಂದು ಕಂಡಿತು. ಕೆಲವೇ ದಿನಗಳಲ್ಲಿ ಅದು ಸ್ಕೋ ಎಕ್ಸ್-1ನ್ನೂ ಹಿಂದೆ ಹಾಕಿ ಇಡೀ ಆಕಾಶದ ಅತಿ ಪ್ರಖರ ಕ್ಷ-ಕಿರಣ ಮೂಲವಾಯಿತು. ಹೆಸರು 'ಎ 0620-00'. ನಮ್ಮ ಮೊದಲ ಉಪಗ್ರಹ ಇನ್ನೂ ಭೂಮಿ ಸುತ್ತುತ್ತಲೇ ಇತ್ತು, ಕಣ್ಣು ಮಾತ್ರ ಮುಚ್ಚಿತ್ತು.

ಈ ಬಾರಿ ಜಗತ್ತಿನ ಉಳಿದ ಖಗೋಳಜ್ಞರು ತಡಮಾಡಲಿಲ್ಲ. ಅದೇ ಆಗಸ್ಟ್‌ನಲ್ಲಿ ಅಮೆರಿಕದ ದೂರದರ್ಶಕವೊಂದಕ್ಕೆ ಆ ಜಾಗದಲ್ಲಿ ಹೊಸದಾಗಿ ಬೆಳಗಿದ ನಕ್ಷತ್ರ ಸಿಕ್ಕಿತು. ಹಾರ್ವರ್ಡಿನವರು ತಮ್ಮ ಉಗ್ರಾಣದ ಹಳೆಯ ಗಾಜಿನ ಛಾಯಾಫಲಕಗಳನ್ನು ತೆಗೆದು ನೋಡಿದರು. 1917ರಲ್ಲಿ ಅದೇ ನಕ್ಷತ್ರ ಒಮ್ಮೆ ಹೀಗೆಯೇ ಉರಿದಿತ್ತು! ಆಗ ಅದರ ಫೋಟೋ ತೆಗೆದವರಿಗೆ ಅದು ಏನೆಂದು ಗೊತ್ತಿರಲಿಲ್ಲ. ಆಕಾಶದಲ್ಲಿ ಕ್ಷ-ಕಿರಣ ಇದೆ ಎಂಬುದೇ ಗೊತ್ತಿರದ ಕಾಲ ಅದು. ಗೊತ್ತಿಲ್ಲದೆಯೂ ಫಲಕವನ್ನು ದಿನಾಂಕ ಬರೆದು ಜೋಪಾನವಾಗಿ ಇಟ್ಟಿದ್ದರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಸುಮಾರು ಒಂದು ವರ್ಷದಲ್ಲಿ ಎ 0620-00 ಪೂರ್ತಿ ಆರಿತು. ಅದರ ನಿಜವಾದ ಪರೀಕ್ಷೆ ಶುರುವಾದದ್ದೇ ಆಮೇಲೆ. ಇಂಥ ಮೂಲದಲ್ಲಿ ಎರಡು ಕಾಯಗಳಿರುತ್ತವೆ: ಒಂದು ಸಾಧಾರಣ ನಕ್ಷತ್ರ, ಇನ್ನೊಂದು ಕಪ್ಪುಕುಳಿ ಅಥವಾ ನ್ಯೂಟ್ರಾನ್ ನಕ್ಷತ್ರ. ನಕ್ಷತ್ರದಿಂದ ಸೋರಿದ ಅನಿಲ ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಕೂಡಿಕೊಳ್ಳುತ್ತಾ ಹೋಗುತ್ತದೆ. ವರ್ಷಗಟ್ಟಲೆ ಕೂಡಿದ್ದು ಒಮ್ಮೆ ಕಟ್ಟೆಯೊಡೆದ ಹಾಗೆ ಒಳಗೆ ನುಗ್ಗುತ್ತದೆ, ಕೋಟಿಗಟ್ಟಲೆ ಡಿಗ್ರಿ ಕಾಯುತ್ತದೆ, ಕ್ಷ-ಕಿರಣ ಸೂಸುತ್ತದೆ. ಆ ಪ್ರಖರತೆಯಲ್ಲಿ ಪಕ್ಕದ ಬಡ ನಕ್ಷತ್ರ ಕಾಣುವುದೇ ಇಲ್ಲ. ಗದ್ದಲ ಅಡಗಿದ ಮೇಲೆ ಅದು ಕಾಣುತ್ತದೆ. ಮೆಕ್‌ಕ್ಲಿಂಟಾಕ್ ಮತ್ತು ರೆಮಿಲಾರ್ಡ್ ಎಂಬ ಇಬ್ಬರು ಹಾಗೆ ಕಾದು, ಆರಿದ ಮೂಲದ ಕಡೆಗೇ ದೂರದರ್ಶಕ ಹಿಡಿದು, ಕಿತ್ತಳೆ ಬಣ್ಣದ ಆ ಪುಟ್ಟ ನಕ್ಷತ್ರ 7.75 ಗಂಟೆಗೊಮ್ಮೆ ಸುತ್ತುವುದನ್ನು ಅಳೆದರು. ಅದರ ವೇಗದಿಂದ ಸಂಗಾತಿಯ ತೂಕದ ಲೆಕ್ಕ ಸಿಕ್ಕಿತು: ಸೂರ್ಯನ ಮೂರು ಪಟ್ಟಿಗೂ ಹೆಚ್ಚು. ಅಷ್ಟು ಭಾರದ ನ್ಯೂಟ್ರಾನ್ ನಕ್ಷತ್ರ ಇರಲಾರದು, ಅದು ಕಪ್ಪುಕುಳಿಯೇ. ಈ ಫಲಿತಾಂಶ ಪ್ರಕಟವಾದದ್ದು 1986ರಲ್ಲಿ, ಸ್ಫೋಟವಾಗಿ 11 ವರ್ಷದ ನಂತರ. ಓಡಿಹೋಗಿ ನೋಡುವವರು ಬೇಕು, ಎಲ್ಲರೂ ಎದ್ದುಹೋದ ಮೇಲೆ ಕೂತು ನೋಡುವವರೂ ಬೇಕು.

ಗಾಜಿನ ಫಲಕಗಳ ಮಾತು ಬಂದಾಗ ನನ್ನ ಮನಸ್ಸು ಮತ್ತೆ ಹೈದರಾಬಾದಿಗೆ ಬರುತ್ತದೆ. ಹಾರ್ವರ್ಡಿನವರು ಆ ಫಲಕ ತೆಗೆದ ಕಾಲದಲ್ಲಿ ಇಲ್ಲಿಯೂ ರಾತ್ರಿ ರಾತ್ರಿ ಫಲಕ ತೆಗೆಯುತ್ತಿದ್ದರು. ನವಾಬ್ ಜಫರ್ ಜಂಗ್ ಸ್ವಂತ ಹಣದಿಂದ ದೂರದರ್ಶಕ ತರಿಸಿ 1901ರಲ್ಲಿ ಶುರುಮಾಡಿದ ವೀಕ್ಷಣಾಲಯವನ್ನು ನಿಜಾಮ ಸರ್ಕಾರ 1908ರಲ್ಲಿ ವಹಿಸಿಕೊಂಡು ಬೇಗಂಪೇಟೆಗೆ ತಂದಿತು. ಅದೇ ನಿಜಾಮಿಯಾ ವೀಕ್ಷಣಾಲಯ. ಇಡೀ ಆಕಾಶದ ನಕ್ಷೆ ಬರೆಯುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ದಕ್ಷಿಣದ 17ರಿಂದ 23 ಡಿಗ್ರಿವರೆಗಿನ ಪಟ್ಟಿ ಹೈದರಾಬಾದಿನ ಪಾಲಿಗೆ ಬಂದಿತ್ತು. ಚಾಟ್‌ವುಡ್, ಪೊಕಾಕ್, ಅವರ ನಂತರ ಟಿ. ಪಿ. ಭಾಸ್ಕರನ್ ಈ ಕೆಲಸ ನಡೆಸಿದರು. ಲಕ್ಷಾಂತರ ನಕ್ಷತ್ರಗಳ ಸ್ಥಾನ ಅಳೆದು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ ಎಲ್ಲ ಆಗ ಅದೇ ಸಂಸ್ಥಾನದೊಳಗೆ ಇದ್ದವು. ಹಾಗಾಗಿ ಅದನ್ನು ನಮ್ಮ ವೀಕ್ಷಣಾಲಯ ಎಂದು ಕರೆದುಕೊಳ್ಳುವ ಹಕ್ಕು ನಮಗೂ ಇದೆ.

1917ರ ಆ ನಕ್ಷತ್ರ ಹೈದರಾಬಾದಿನ ಪಾಲಿನ ಪಟ್ಟಿಯಲ್ಲಿ ಇರಲಿಲ್ಲ. ಅದು ಆಕಾಶದ ಸಮಭಾಜಕದ ಮೇಲೆಯೇ ಇದೆ. ಇನ್ನೂ ಒಂದು ವ್ಯತ್ಯಾಸವಿದೆ. ಇಲ್ಲಿಯವರ ಗುರಿ ಪ್ರತಿ ನಕ್ಷತ್ರದ ವಿಳಾಸ ಬರೆಯುವುದಾಗಿತ್ತು. ಹಾರ್ವರ್ಡಿನವರು ಅದೇ ಆಕಾಶವನ್ನು ಮತ್ತೆ ಮತ್ತೆ ತೆಗೆಯುತ್ತಿದ್ದರು. ಅಲ್ಪಾಯುಷಿಗಳು ಸಿಗುವುದು ಹೀಗೆ ಗಸ್ತು ತಿರುಗುವವರಿಗೆ. ನಿಜಾಮಿಯಾದ ಹಳೆಯ ಗುಮ್ಮಟ ಇವತ್ತು ಬೇಗಂಪೇಟೆಯಲ್ಲಿ ಅರ್ಥಶಾಸ್ತ್ರ ಮತ್ತು ಸಮಾಜ ಅಧ್ಯಯನ ಕೇಂದ್ರದ ಆವರಣದೊಳಗೆ ಇದೆ. ನಗರದ ಬೆಳಕಿಗೆ ಹೆದರಿ ಉಸ್ಮಾನಿಯಾ ವಿಶ್ವವಿದ್ಯಾಲಯದವರು ಊರಾಚೆ ಜಪಾಲ್–ರಂಗಾಪುರದಲ್ಲಿ 48 ಅಂಗುಲದ ದೂರದರ್ಶಕ ನಿಲ್ಲಿಸಿದರು, ಹೆಚ್ಚುಕಡಿಮೆ ಮೊದಲ ಕ್ಷ-ಕಿರಣ ಬಲೂನು ಹಾರಿದ ಕಾಲಕ್ಕೇ. ಅಲ್ಲಿಯೂ ಈಗ ಹಳೆಯ ಸಡಗರವಿಲ್ಲ.

ಹೈದರಾಬಾದಿನಲ್ಲಿ ಕಲಿತದ್ದು ಬೆಂಗಳೂರಿನ ಕಡೆ ಫಲ ಕೊಟ್ಟಿತು ಎನ್ನಬಹುದು. ಕ್ಸೆನಾನ್ ಅನಿಲ ತುಂಬಿದ ಕ್ಷ-ಕಿರಣ ಪೆಟ್ಟಿಗೆಗಳನ್ನು ಟಿಐಎಫ್‌ಆರ್‌ನವರು ದಶಕಗಳ ಕಾಲ ಇಲ್ಲಿಂದ ಬಲೂನಿನಲ್ಲಿ ಹಾರಿಸಿ ನೋಡಿದ್ದರು. 2015ರ ಸೆಪ್ಟೆಂಬರ್ 28ರಂದು ಏರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಮುಖ್ಯ ಉಪಕರಣವೊಂದು ಅದೇ ಕುಲದ್ದು. ಅದರ ಹೊಣೆ ಹೊತ್ತವರು ಅದೇ ಅಗ್ರವಾಲ್, 1968ರ ಬಲೂನಿನ ತಂಡದವರು. ಆಸ್ಟ್ರೋಸ್ಯಾಟಿನಲ್ಲಿ ಆಕಾಶದ ಗಸ್ತಿಗೆಂದೇ ಇಸ್ರೋದ ಬೆಂಗಳೂರು ಕೇಂದ್ರ ಕಟ್ಟಿದ ಇನ್ನೊಂದು ಉಪಕರಣ ಇದೆ. ಇಡೀ ಉಪಗ್ರಹವನ್ನು ನಡೆಸುವುದು ಬೆಂಗಳೂರಿನಿಂದ.

2018ರ ಮಾರ್ಚ್‌ನಲ್ಲಿ ಒಂದು ಅಲ್ಪಾಯುಷಿ ಹುಟ್ಟಿತು. ದಿನವೂ ಆಕಾಶ ಸೋಸುವ ಸಣ್ಣ ದೂರದರ್ಶಕಗಳ ಜಾಲವೊಂದು ಅದನ್ನು ಮೊದಲು ಕಂಡಿತು. ಕೆಲವು ದಿನದ ನಂತರ ಜಪಾನಿನ 'ಮ್ಯಾಕ್ಸಿ' ಉಪಕರಣಕ್ಕೆ ಅದರ ಕ್ಷ-ಕಿರಣ ಸಿಕ್ಕಿತು. ಅದೇ ತಿಂಗಳು ಆಸ್ಟ್ರೋಸ್ಯಾಟ್ ಅದರ ಕಡೆ ತಿರುಗಿತು. 'ಮ್ಯಾಕ್ಸಿ ಜೆ1820+070' ಎಂದು ಅದರ ಹೆಸರು. ಆರಿದ ಮೇಲೆ ದೊಡ್ಡ ದೂರದರ್ಶಕಗಳು ಅದನ್ನೂ ತೂಗಿದವು, ಅದೂ ಕಪ್ಪುಕುಳಿಯೇ. ಹಳೆಯ ಫಲಕ ಹುಡುಕಿದವರಿಗೆ ಈ ನಕ್ಷತ್ರ 1898 ಮತ್ತು 1934ರಲ್ಲೂ ಉರಿದದ್ದು ಕಂಡಿತು.

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ಆಡಿಸುವವರು ಕೂರುವುದು ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿ. ಪಕ್ಕದಲ್ಲೇ 70 ಸೆಂಟಿಮೀಟರಿನ 'ಗ್ರೋಥ್-ಇಂಡಿಯಾ' ದೂರದರ್ಶಕ ತಾನೇ ತಾನಾಗಿ ತಿರುಗಿ ನೋಡುತ್ತದೆ. 2024ರ ಜನವರಿಯಲ್ಲಿ ಚೀನಾ ಹಾರಿಸಿದ 'ಐನ್‌ಸ್ಟೈನ್ ಪ್ರೋಬ್' ನಿಮಿಷಗಳಷ್ಟೇ ಬಾಳುವ ಕ್ಷ-ಕಿರಣ ಮೂಲಗಳನ್ನೂ ಹಿಡಿದು ಜಗತ್ತಿಗೆ ಸಾರುತ್ತದೆ. ಸುದ್ದಿ ತಲುಪಿದ ಕಡೆ ರಾತ್ರಿಯಾಗಿದ್ದರೆ, ಮೋಡವಿಲ್ಲದಿದ್ದರೆ, ಅಲ್ಲಿನ ದೂರದರ್ಶಕ ತಿರುಗುತ್ತದೆ. ಹೈದರಾಬಾದಿನವರು ಬಲೂನು ಹೊಲಿಸಿ ಕಾಯುತ್ತಿದ್ದ ಕಾಲದಿಂದ ಇಲ್ಲಿಗೆ ಒಂದೇ ತಲೆಮಾರಿನ ದೂರ.

ವೇಗ ಬಂದಿದೆ, ಸಂತೋಷ. ಆದರೆ ಈ ಚರಿತ್ರೆಯನ್ನು ಹಿಂದಿರುಗಿ ನೋಡಿದಾಗ ನನಗೆ ಹೆಚ್ಚು ಬೆಲೆಬಾಳುವವರಾಗಿ ಕಾಣುವುದು ವೇಗದವರಷ್ಟೇ ಅಲ್ಲ, 1917ರಲ್ಲಿ ಏನೆಂದು ತಿಳಿಯದ ಚುಕ್ಕೆಯೊಂದಿದ್ದ ಗಾಜಿನ ಮೇಲೆ ದಿನಾಂಕ ಬರೆದಿಟ್ಟವರು ಕೂಡ. ಎ 0620-00 ಒಮ್ಮೆ 1917ರಲ್ಲಿ, ಮತ್ತೊಮ್ಮೆ 1975ರಲ್ಲಿ ಉರಿಯಿತು. ನಡುವೆ 58 ವರ್ಷ. ಎರಡು ಸಲ ಬಂದವನು ಮೂರನೆಯ ಸಲ ಅದೇ ಲೆಕ್ಕಕ್ಕೆ ಬರುತ್ತಾನೆಂದು ಯಾವ ನಿಯಮವೂ ಇಲ್ಲ. ಆದರೂ ಲೆಕ್ಕ ಹಾಕದಿರಲು ನನ್ನಿಂದ ಆಗುತ್ತಿಲ್ಲ: 1975ಕ್ಕೆ 58 ಕೂಡಿಸಿದರೆ 2033. ಅಂದು ಬಂದರೆ ಹಾನ್ಲೆಯಲ್ಲಿ ಕಣ್ಣು ತೆರೆದಿರುತ್ತದೆ. ಬಾರದಿದ್ದರೆ, ಬರಲಿಲ್ಲ ಎಂಬುದನ್ನೂ ಯಾರಾದರೂ ದಿನಾಂಕ ಹಾಕಿ ಬರೆದಿಡಬೇಕು.